ಓದುಗರ ಪ್ರಶ್ನೆ: ಎಂಟೂವರೆ ಗಂಟೆಯ ಲೈವ್, ಒಂದು ನಿಮಿಷದ ತುಣುಕು

ಲೈವ್ ಕೊಟ್ಟ ಕಾರ್ಯಕ್ರಮಗಳಿಂದ ಶಾರ್ಟ್ಸ್, ರೀಲ್ಸ್ ಮಾಡುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರಿನ ಯಕ್ಷಗಾನದ ಹರಕೆ ಆಟವನ್ನು ರಾತ್ರಿಯಿಡೀ ಯೂಟ್ಯೂಬ್‌ನಲ್ಲಿ ಲೈವ್ ಕೊಟ್ಟೆವು. ಎಂಟೂವರೆ ಗಂಟೆಯ ರೆಕಾರ್ಡಿಂಗ್ ಚಾನೆಲ್‌ನಲ್ಲಿದೆ. ಅದರಿಂದ ಐದಾರು ಶಾರ್ಟ್ಸ್ ಮಾಡೋಣವೆಂದರೆ ಯೂಟ್ಯೂಬ್ ಸ್ಟುಡಿಯೊದ ಎಡಿಟರ್ ಕತ್ತರಿಸಲು ಬಿಡುತ್ತಿಲ್ಲ. ಡೌನ್‌ಲೋಡ್ ಮಾಡಿ ಉದ್ದಕ್ಕೆ ಕತ್ತರಿಸಿದರೆ ವೇಷಗಳೆಲ್ಲ ಮಸುಕು ಮಸುಕು. – ಓದುಗರು, ಕುಂದಾಪುರ

ಉತ್ತರ: ಎಡಿಟರ್ ಕೆಟ್ಟಿಲ್ಲ. ಆರು ಗಂಟೆ ಮೀರಿದ ವಿಡಿಯೊವನ್ನು ಅದು ಮುಟ್ಟುವುದಿಲ್ಲ, ಅಷ್ಟೆ. ಇನ್ನೊಂದು ಗಡಿ ಹನ್ನೆರಡು ಗಂಟೆಯದು. ಅದನ್ನು ದಾಟಿದ ಲೈವ್ ಚಾನೆಲ್‌ನಲ್ಲಿ ಉಳಿಯುವುದೇ ಇಲ್ಲ. ಆಟಕ್ಕೆ ಮೊದಲಿನ ಚೌಕಿ ಪೂಜೆಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ಒಂದೇ ಲೈವ್ ಎಳೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಸುಕಿಗೆ ಕಾರಣ ಎರಡು. ಸ್ಟುಡಿಯೊದಿಂದ ಡೌನ್‌ಲೋಡ್ ಮಾಡಿದರೆ ಸಿಗುವುದು ಹೆಚ್ಚೆಂದರೆ 720ಪಿ. ಆ ಚಿತ್ರದ ಎತ್ತರ 720 ಪಿಕ್ಸೆಲ್. ಅದರಿಂದ 9:16ರ (ಅಗಲ 9 ಪಾಲು, ಎತ್ತರ 16 ಪಾಲು) ಉದ್ದನೆಯ ಪಟ್ಟಿ ಕತ್ತರಿಸಿದರೆ ಅಗಲ ಬರೀ 405 ಪಿಕ್ಸೆಲ್. ಅದನ್ನು ಶಾರ್ಟ್ಸ್‌ನ 1080 ಅಗಲಕ್ಕೆ ಹಿಗ್ಗಿಸುವುದು ಎರಡೂವರೆ ಪಟ್ಟನ್ನೂ ಮೀರುತ್ತದೆ. ಮುಖವರ್ಣಿಕೆಯ ಗೆರೆಗಳು ಅಲ್ಲೇ ಕರಗಿಹೋಗುತ್ತವೆ. 1080ಪಿ ಫೈಲ್ ಕೈಯಲ್ಲಿದ್ದರೆ ಪಟ್ಟಿಯ ಅಗಲ 608 ಪಿಕ್ಸೆಲ್ ಆಗುತ್ತದೆ, ಒಂಟಿ ವೇಷದ ಕುಣಿತಕ್ಕೆ ನಡೆಯುತ್ತದೆ. ಇಬ್ಬರ ಸಂಭಾಷಣೆಯಾದರೆ ಪಟ್ಟಿಯ ಹಟ ಬಿಡಿ. ನಡುವಿನ 1080×1080 ಚೌಕವನ್ನು ಹಾಗೇ ತೆಗೆದು, ಮೇಲೆ ಪ್ರಸಂಗದ ಹೆಸರು, ಕೆಳಗೆ ಖಾಲಿ ಪಟ್ಟಿ ಕೊಟ್ಟರೆ ಒಂದು ಪಿಕ್ಸೆಲ್ಲೂ ಹಿಗ್ಗಬೇಕಾಗಿಲ್ಲ, ಕಿರೀಟವೂ ತುಂಡಾಗುವುದಿಲ್ಲ.

ಆಗಿಹೋದ ಆಟಕ್ಕೆ, ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳುವ ಸೇವೆಯಾದ ಗೂಗಲ್ ಟೇಕ್‌ಔಟ್ ಪ್ರಯತ್ನಿಸಬಹುದು. ಆದರೆ ಅದರಲ್ಲಿ ಒಂದೇ ವಿಡಿಯೊ ಆರಿಸಲಾಗದು, ಚಾನೆಲ್‌ನ ಎಲ್ಲ ವಿಡಿಯೊಗಳೂ ಮೂಟೆ ಕಟ್ಟಿಕೊಂಡು ಬರುತ್ತವೆ. ಮುಂದಿನ ಆಟಕ್ಕೆ, ಲೈವ್ ಕೊಡುವ ಉಚಿತ ತಂತ್ರಾಂಶ ಒಬಿಎಸ್‌ನಲ್ಲಿ ಲೈವ್ ಜೊತೆಗೇ ‘ಸ್ಟಾರ್ಟ್ ರೆಕಾರ್ಡಿಂಗ್’ ಒತ್ತಿ. ಫೈಲ್ ಎಂಕೆವಿ ರೂಪದಲ್ಲಿರಲಿ. ಮಧ್ಯರಾತ್ರಿ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿವರೆಗಿನದು ಉಳಿದಿರುತ್ತದೆ. ಬೆಳಿಗ್ಗೆ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಿಂದ ಎಂಪಿ4 ಮಾಡಿಕೊಳ್ಳಿ, ಗುಣಮಟ್ಟ ಇಳಿಯುವುದಿಲ್ಲ. ಸೆಕೆಂಡಿಗೆ 4,500 ಕಿಲೋಬಿಟ್, ಅಂದರೆ 4,500 ಕೆಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 2 ಜಿಬಿ, ಎಂಟೂವರೆ ಗಂಟೆಗೆ 17 ಜಿಬಿ. ಹಳೆಯ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನದಾಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಅಂದರೆ ಎರಡು ಗಂಟೆ ಕಳೆಯುತ್ತಿದ್ದಂತೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಇನ್ನು ಹುಡುಕುವ ಕೆಲಸ. ಎಂಟೂವರೆ ಗಂಟೆಯನ್ನು ಮತ್ತೆ ಕೂತು ನೋಡುವುದು ಆಗದ ಮಾತು. ಆಟದ ದಿನವೇ ಒಬ್ಬರಿಗೆ ನೋಟ್‌ಬುಕ್ ಕೊಟ್ಟು ಕೂರಿಸಿ, ಪ್ರಸಂಗ ಗೊತ್ತಿರುವವರಾಗಿರಲಿ. ಚಪ್ಪಾಳೆ ಬಿದ್ದಾಗ, ಹಾಸ್ಯಕ್ಕೆ ನಗು ಎದ್ದಾಗ ಗಡಿಯಾರದ ಹೊತ್ತು ಬರೆದುಕೊಂಡರೆ ಸಾಕು. ಲೈವ್ 9:40ಕ್ಕೆ ಶುರುವಾಗಿ, ಯುದ್ಧದ ಕುಣಿತ 1:25ಕ್ಕೆ ಬಂದಿದ್ದರೆ ಅದು ರೆಕಾರ್ಡಿಂಗ್‌ನ 3 ಗಂಟೆ 45ನೇ ನಿಮಿಷ. ಯೂಟ್ಯೂಬ್‌ನಲ್ಲಿ ಉಳಿದ ರೆಕಾರ್ಡಿಂಗ್‌ನಿಂದ ತೆಗೆಯುವುದಾದರೆ, ನೆಟ್ ಕಡಿದು ಮತ್ತೆ ಸೇರಿದ ಹೊತ್ತನ್ನೂ ಬರೆದಿಡಿ. ಅಲ್ಲಿಂದ ಮುಂದೆ ಅಷ್ಟು ನಿಮಿಷ ಲೆಕ್ಕ ಸರಿಯುತ್ತದೆ. ನೋಟ್‌ಬುಕ್ ಇಲ್ಲದೆ ಕಳೆದುಹೋದ ಆಟಕ್ಕೆ ಲೈವ್ ಚಾಟ್‌ನ ಮರುಪ್ರಸಾರ ನೋಡಿ. ಕಮೆಂಟ್‌ಗಳು ಒಮ್ಮೆಲೇ ಸುರಿದ ಜಾಗದಿಂದ ಅರ್ಧ ನಿಮಿಷ ಹಿಂದೆ ಹೋದರೆ ಅಲ್ಲೇ ಏನೋ ನಡೆದಿರುತ್ತದೆ.

ಉದ್ದ ಫೈಲ್‌ನಿಂದ ತುಂಡು ತೆಗೆಯಲು ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶ ಸಾಕು. ಅದು ವಿಡಿಯೊವನ್ನು ಹೊಸದಾಗಿ ಬೇಯಿಸದೆ ಇದ್ದಂತೆಯೇ ತುಂಡರಿಸುತ್ತದೆ, ಹಾಗಾಗಿ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅದಕ್ಕೆ ಕತ್ತರಿಸಲು ಆಗುವುದು ಕೀಫ್ರೇಮ್ (ಪೂರ್ತಿಯಾಗಿ ಉಳಿಸಿದ ಚಿತ್ರ) ಇದ್ದಲ್ಲಿ ಮಾತ್ರ, ಲೈವ್‌ನಲ್ಲಿ ಅದು ಸಾಮಾನ್ಯವಾಗಿ ಎರಡು ಸೆಕೆಂಡಿಗೊಂದು. ನೀವು ಗುರುತು ಮಾಡಿದ ಜಾಗಕ್ಕೂ ಅದು ಕತ್ತರಿಸಿದ ಜಾಗಕ್ಕೂ ಹೊಂದಿಕೆ ಇರುವುದಿಲ್ಲ. ಆದ್ದರಿಂದ ಎರಡೂ ಬದಿ ಹತ್ತು ಹತ್ತು ಸೆಕೆಂಡ್ ಹೆಚ್ಚಿಗೆ ತೆಗೆದು, ಆಮೇಲೆ ಕೈನ್‌ಮಾಸ್ಟರ್, ಡಾವಿಂಚಿ ರಿಸಾಲ್ವ್, ಯಾವುದರಲ್ಲಾದರೂ ನಯವಾಗಿ ಕತ್ತರಿಸಿ. ತುಣುಕು ತಾಳದ ಮುಕ್ತಾಯದಲ್ಲೇ ನಿಲ್ಲಲಿ. ಅರವತ್ತು ಸೆಕೆಂಡಿಗೆ ಸರಿಹೊಂದಿಸಲೆಂದು ಪದ್ಯದ ನಡುವೆ ಕಡಿದರೆ ಕಲೆ ಗೊತ್ತಿರುವವರು ಮುಖ ತಿರುಗಿಸುತ್ತಾರೆ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್‌ಗೆ ಮೂರು ನಿಮಿಷದ ಅವಕಾಶವಿದೆ, ಅವಸರ ಬೇಡ.

ಧ್ವನಿ ಮೊಬೈಲ್ ಮೈಕಿನದಾದರೆ ಚೆಂಡೆಯ ಪ್ರತಿ ಪೆಟ್ಟಿಗೂ ಭಾಗವತರ ದನಿ ಕುಗ್ಗಿ ಏಳುತ್ತಿರುತ್ತದೆ. ಫೋನ್ ತಾನಾಗಿ ಮಟ್ಟ ಇಳಿಸುವುದರಿಂದ ಹೀಗಾಗುತ್ತದೆ. ಸೌಂಡ್‌ನವರ ಮಿಕ್ಸರ್‌ನಿಂದ ಲೈನ್ ಔಟ್ (ನೇರ ತಂತಿಯ ಧ್ವನಿ) ತೆಗೆದುಕೊಂಡು, ಚೆಂಡೆಯ ಜೋರು ಪೆಟ್ಟೂ ಧ್ವನಿಯ ಮೀಟರಿನಲ್ಲಿ -6 ಡಿಬಿ ದಾಟದಂತೆ ಇಡಿ. ಒಮ್ಮೆ ಒಡೆದ ಧ್ವನಿಯನ್ನು ಯಾವ ಎಡಿಟಿಂಗೂ ಸರಿಮಾಡದು.

ಅಂದಹಾಗೆ, ಮೇಳದವರಿಂದ ಲೈವ್‌ಗೆ ಪಡೆದ ಒಪ್ಪಿಗೆ ತುಣುಕುಗಳಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ. ಒಪ್ಪಿಗೆ ಪತ್ರದಲ್ಲಿ ‘ಕಿರು ತುಣುಕುಗಳಿಗೂ’ ಎಂಬ ಎರಡು ಪದ ಸೇರಿಸಿಕೊಳ್ಳಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ವಾರಕ್ಕೆ ಮೂರು ದಿನ ಗಣಿತದ ಲೈವ್ ಪಾಠ ಮಾಡುತ್ತೇನೆ. ಒಂದೊಂದು ಲೆಕ್ಕವನ್ನು ರೀಲ್ ಮಾಡಲು ಹೋದರೆ ನಾನು ಕಾಣುತ್ತೇನೆ, ಬೋರ್ಡ್ ಕಾಣುವುದಿಲ್ಲ. – ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ಇದಕ್ಕೆ ಪರಿಹಾರ ಕಂಪ್ಯೂಟರ್‌ಗಿಂತ ಬೋರ್ಡಿನ ಮೇಲೇ ಇದೆ. ಅಡ್ಡ ಚಿತ್ರದಿಂದ ತೆಗೆಯುವ ಉದ್ದ ಪಟ್ಟಿಯ ಅಗಲ ಇಡೀ ಚೌಕಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಕ್ಯಾಮೆರಾದಲ್ಲಿ ಬೋರ್ಡ್ ಪೂರ್ತಿ ತುಂಬುವಂತೆ ಇಟ್ಟು, ಸೀಮೆಸುಣ್ಣದಲ್ಲಿ ತೆಳುವಾಗಿ ಎರಡು ನಿಲುಗೆರೆ ಎಳೆದು ಮೂರು ಅಂಕಣ ಮಾಡಿ. ಒಂದು ಲೆಕ್ಕ ಒಂದು ಅಂಕಣದಲ್ಲೇ ಮೇಲಿನಿಂದ ಕೆಳಗೆ ಮುಗಿಯಲಿ, ನೀವು ಪಕ್ಕದ ಅಂಕಣದ ಮುಂದೆ ನಿಂತು ಬರೆಯಿರಿ. ಅಂಕಣದ ಅಂಚಿನಿಂದ ನಾಲ್ಕು ಬೆರಳು ಬಿಟ್ಟೇ ಬರೆದರೆ ಸಮೀಕರಣದ ಕೊನೆಯ ಪದ ತುಂಡಾಗದು. ಅಂಕಣದ ಕೆಳಗಿನ ಮೂರನೇ ಒಂದು ಭಾಗವನ್ನು ಖಾಲಿ ಬಿಡಿ, ಏಕೆಂದರೆ ರೀಲ್‌ನಲ್ಲಿ ಅಲ್ಲಿ ಖಾತೆಯ ಹೆಸರು, ಬರಹ ಕೂರುತ್ತವೆ. ಬಲ ಅಂಚಿನಲ್ಲಿ ಲೈಕ್, ಶೇರ್ ಗುಂಡಿಗಳಿರುತ್ತವೆ. ಉತ್ತರವನ್ನು ಕೆಳತುದಿಯಲ್ಲಿ ಬರೆದು ಚೌಕ ಹಾಕುವ ಅಭ್ಯಾಸ ಎಲ್ಲರಿಗೂ ಇದೆ, ರೀಲ್‌ನಲ್ಲಿ ಮುಚ್ಚಿಹೋಗುವುದೂ ಅದೇ.

ಈಗಾಗಲೇ ಆಗಿರುವ ಪಾಠಗಳಿಗೆ ಚೌಕಟ್ಟನ್ನು ಎರಡು ಅಂತಸ್ತು ಮಾಡಿ. ಮೇಲೆ ಇಡೀ ಬೋರ್ಡ್, 1080 ಅಗಲಕ್ಕೆ 608 ಎತ್ತರ. ಅದರ ಕೆಳಗೆ ಅದೇ ವಿಡಿಯೊದ ಇನ್ನೊಂದು ಪ್ರತಿಯನ್ನು ಹಿಗ್ಗಿಸಿ, ಬರೆಯುತ್ತಿರುವ ಜಾಗವಷ್ಟೇ ಕಾಣುವಂತೆ ಇಡಿ. ಎರಡನೇ ಪ್ರತಿಯ ಧ್ವನಿ ಆಫ್ ಮಾಡಲು ಮರೆತರೆ ಬಾವಿಯೊಳಗಿಂದ ಮಾತಾಡಿದಂತೆ ಕೇಳೀತು.

ಮೊದಲ ಎರಡು ಸೆಕೆಂಡಿನಲ್ಲಿ ಪ್ರಶ್ನೆ ತೆರೆಯ ಮೇಲಿರಬೇಕು. ‘ಎಲ್ಲರಿಗೂ ಕೇಳಿಸ್ತಾ ಇದೆಯಾ, ನೆಟ್‌ವರ್ಕ್ ಸರಿ ಇದೆಯಾ’ ಎಂಬುದೆಲ್ಲ ಕತ್ತರಿಗೆ.

ಪ್ರಶ್ನೆ: ವಿಡಿಯೊದ ಕೆಳಗೆ ಕನ್ನಡದಲ್ಲಿ ಮಾತು ಹಾಕಿದರೆ ಒತ್ತಕ್ಷರ ಕಿತ್ತುಹೋಗುತ್ತದೆ. ಫಾಂಟ್ ಬದಲಿಸಿ ಬದಲಿಸಿ ಸಾಕಾಯಿತು. – ಓದುಗರು, ಧಾರವಾಡ

ಉತ್ತರ: ಕಾಯಿಲೆ ಮೂರು ಬಗೆಯದು, ಲಕ್ಷಣ ನೋಡಿ ಮದ್ದು. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ನೀವು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಿ. ಯೂನಿಕೋಡ್‌ಗೆ ಬದಲಿಸಿ ಅಂಟಿಸಿ. ಖಾಲಿ ಡಬ್ಬಿಗಳು ಬಂದರೆ ಆ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಲೂ ತಮ್ಮ 2 ಹಾಕಿಕೊಳ್ಳಿ. ‘ಅಕ್ಕ’ ಹೋಗಿ ‘ಅಕ್‌ಕ’ ಬಂದರೆ ತಪ್ಪು ಫಾಂಟಿನದಲ್ಲ, ಅಕ್ಷರ ಜೋಡಿಸಲು ಬಾರದ ಎಡಿಟರಿನದು. ನಿಮ್ಮದು ಈ ಮೂರನೆಯದು. ಪ್ರೀಮಿಯರ್ ಪ್ರೊ ಬಳಸುತ್ತಿದ್ದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಆರಿಸಿ. ಬೇರೆಯದರಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಮಾತನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸುವುದೇ ದಾರಿ. ಹೊಸ ಎಡಿಟರ್ ಕೈಗೆ ಬಂದಾಗ ಮೊದಲು ‘ರಾಷ್ಟ್ರ, ಸಾಮರ್ಥ್ಯ’ ಎಂದು ಟೈಪ್ ಮಾಡಿ ನೋಡಿ. ಅರ್ಕಾವತ್ತೂ ಎರಡಂತಸ್ತಿನ ಒತ್ತೂ ಸರಿಬಂದರೆ ಉಳಿದದ್ದೆಲ್ಲ ಬರುತ್ತದೆ.

1080 ಅಗಲದ ಚೌಕಟ್ಟಿನಲ್ಲಿ 60ರಿಂದ 70 ಪಿಕ್ಸೆಲ್ ಅಕ್ಷರ ಸಾಕು. ಸಾಲಿಗೆ ಎರಡು ಮೂರು ಪದ, ಎರಡೇ ಸಾಲು. ನಮ್ಮ ಪದಗಳು ಉದ್ದ, ಇಂಗ್ಲಿಷ್ ಲೆಕ್ಕದಲ್ಲಿ ತುರುಕಬೇಡಿ. ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ 1.4 ಪಾಲಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಪ್ರಶ್ನೆ: ಸೀರೆ ಅಂಗಡಿಯಿಂದ ಫೇಸ್‌ಬುಕ್ ಲೈವ್ ಮಾಡುತ್ತೇವೆ. ಯುಗಾದಿಯ ಲೈವ್‌ನಿಂದ ಈಗ ತುಣುಕು ತೆಗೆಯಲು ಹೋದರೆ ಲೈವೇ ಮಾಯ. ಯೂಟ್ಯೂಬ್‌ಗೆ ಹಾಕಿದ ಒಂದು ಶಾರ್ಟ್ ಕೂಡ ಬ್ಲಾಕ್ ಆಗಿದೆ. – ಓದುಗರು, ಇಳಕಲ್

ಉತ್ತರ: 2025ರ ಫೆಬ್ರವರಿ 19ರಿಂದ ಫೇಸ್‌ಬುಕ್ ಹೊಸ ಲೈವ್‌ಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಇನ್‌ಸ್ಟಾಗ್ರಾಂನ ಲೈವ್ ಆರ್ಕೈವ್‌ಗೂ 30 ದಿನವೇ. ಹೋದದ್ದು ಹೋಯಿತು. ಇನ್ನು ಮೇಲೆ ಲೈವ್ ಮುಗಿದ ರಾತ್ರಿಯೇ ಡೌನ್‌ಲೋಡ್ ಮಾಡಿ, ಫೈಲ್‌ಗೆ ತಾರೀಕು ಹಾಕಿಡಿ.

ಬ್ಲಾಕ್ ಆದದ್ದಕ್ಕೆ ಅಂಗಡಿಯಲ್ಲಿ ಹಾಡುತ್ತಿದ್ದ ಸಿನಿಮಾ ಹಾಡು ಕಾರಣವಿರಬೇಕು. ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್ ಮೇಲೆ ಹಾಡಿನ ಹಕ್ಕುದಾರರ ಕಂಟೆಂಟ್ ಐಡಿ ಕ್ಲೇಮ್ (ಹಾಡು ತಮ್ಮದೆಂಬ ಯೂಟ್ಯೂಬ್‌ನ ತಾನಾದ ಗುರುತು) ಬಿದ್ದರೆ ಅದು ಎಲ್ಲೂ ಕಾಣದಂತೆ ಬ್ಲಾಕ್ ಆಗುತ್ತದೆ. ಮಾತೂ ಹಾಡೂ ಒಂದೇ ಮೈಕಿನಲ್ಲಿ ಬೆರೆತಿರುವುದರಿಂದ ಬೇರ್ಪಡಿಸುವುದು ಕಷ್ಟ. ಅಲ್ಟಿಮೇಟ್ ವೋಕಲ್ ರಿಮೂವರ್ ಎಂಬ ಉಚಿತ ತಂತ್ರಾಂಶ ತಕ್ಕಮಟ್ಟಿಗೆ ಮಾಡುತ್ತದೆ, ದನಿ ತುಸು ಲೋಹದಂತಾಗುತ್ತದೆ. ಸುಲಭದ ದಾರಿ, ಲೈವ್ ಹೊತ್ತಿಗೆ ಅಂಗಡಿಯ ಹಾಡು ನಿಲ್ಲಿಸುವುದು.

ತುಣುಕಿನಲ್ಲಿ ಬೆಲೆ ಹೇಳುವ ಜಾಗ ಬಿಟ್ಟುಬಿಡಿ. ಲೈವ್‌ನ ರಿಯಾಯಿತಿ ದರ ಕೇಳಿದವರು ಆರು ತಿಂಗಳಾದ ಮೇಲೂ ಅದೇ ದರಕ್ಕೆ ಕೇಳುತ್ತಾರೆ. ಸೆರಗು ಬಿಚ್ಚಿ ತೋರಿಸುವ 20 ಸೆಕೆಂಡ್, ಕೊಂಡಿ ಹಾಕಿ ಸೆರಗನ್ನೂ ಸೀರೆಯ ಮೈಯನ್ನೂ ಜೋಡಿಸಿದ ಹತ್ತಿರದ ನೋಟ, ಇಷ್ಟು ಸಾಕು. ಪೂರ್ತಿ ಲೈವ್ ನಿಮ್ಮ ಯೂಟ್ಯೂಬ್ ಚಾನೆಲ್‌ನಲ್ಲೂ ಇದ್ದರೆ, ಶಾರ್ಟ್‌ನ ವಿವರಣೆಯಲ್ಲಿ ಲಿಂಕ್ ಹಾಕಬೇಡಿ, ಅಲ್ಲಿ ಒತ್ತಿದರೆ ತೆರೆಯುವುದಿಲ್ಲ. ಸ್ಟುಡಿಯೊದಲ್ಲಿ ‘ರಿಲೇಟೆಡ್ ವಿಡಿಯೊ’ ಎಂದಿರುವಲ್ಲಿ ಆ ಲೈವನ್ನು ಆರಿಸಿ.

ಪ್ರಶ್ನೆ: ಮೊಬೈಲ್‌ನಲ್ಲಿ ಲೈವ್ ತೆರೆಯನ್ನೇ ರೆಕಾರ್ಡ್ ಮಾಡಿ ಎಡಿಟ್ ಮಾಡಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. – ಓದುಗರು, ಮೈಸೂರು

ಉತ್ತರ: ಸ್ಕ್ರೀನ್ ರೆಕಾರ್ಡರ್ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂದು ನಿಯಮ ಪಾಲಿಸುವುದಿಲ್ಲ. ಒಮ್ಮೆ 30, ಒಮ್ಮೆ 22. ಎಡಿಟರ್ ಎಲ್ಲವನ್ನೂ 30 ಎಂದು ಓದಿದಾಗ ಚಿತ್ರ ಜಾರುತ್ತದೆ, ವಿಡಿಯೊ ಮುಂದೆ ಹೋದಷ್ಟೂ ಅಂತರ ಬೆಳೆಯುತ್ತದೆ. ಎಡಿಟ್ ಮಾಡುವ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್‌ರೇಟ್ 30, ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಎಂದು ಆರಿಸಿ ಒಮ್ಮೆ ಪರಿವರ್ತಿಸಿಕೊಳ್ಳಿ. ಮೊದಲಿನಿಂದ ಕೊನೆವರೆಗೂ ಒಂದೇ ಅಳತೆಯ ಅಂತರ ಇದ್ದರೆ ಮಾತ್ರ ಅದು ಬೇರೆ ಸಮಸ್ಯೆ. ಆಗ ಧ್ವನಿಯ ಪಟ್ಟಿಯನ್ನು ಅಷ್ಟು ಫ್ರೇಮ್ ಹಿಂದೆ ಮುಂದೆ ಸರಿಸಿದರೆ ಮುಗಿಯಿತು.