ಪ್ರತಿಕ್ರಿಯೆ: 9ನೇ ಸಂಪುಟದಲ್ಲಿ ಬೇಲೂರು ಯಾಕಿಲ್ಲ?

ಬೇಲೂರಿನ ಶಾಸನಗಳಿಗಾಗಿ, ಕರ್ನಾಟಕದ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿದ ಗ್ರಂಥಸರಣಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೇ 9ನೇ ಸಂಪುಟ ಕೊಂಡರೆ ಒಳಗೆ ಬರೀ ಬೆಂಗಳೂರು ಜಿಲ್ಲೆ ಇದೆ, ಮೋಸ ಹೋದೆನಾ ಅಂತ ಕೇಳಿದ್ದೀರಿ. ಇಲ್ಲ, ಖುಷಿಪಡಿ! ಅದು ಈ ಸರಣಿಯನ್ನು ಮೊದಲು ಹೊರತಂದ ಶಾಸನತಜ್ಞ ಬಿ.ಎಲ್. ರೈಸ್ ಅವರ 1905ರ ಮುದ್ರಣ. ಅವರ ಸರಣಿಯಲ್ಲಿ ಬೇಲೂರು ಇರುವ ಹಾಸನ ಜಿಲ್ಲೆ 5ನೇ ಸಂಪುಟ, 1902ರದ್ದು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಲೆಕ್ಕವೇ ಬೇರೆ, ಅಲ್ಲಿ ಬೇಲೂರು 9. ನಾನೂ ಒಮ್ಮೆ ಹೀಗೇ ಎಡವಿದ್ದೆ. ಇನ್ನು ಮುಂದೆ ಸಂಪುಟದ ಸಂಖ್ಯೆ ಜೊತೆ ಇಸವಿಯನ್ನೂ ನೋಡಿ.

ಬೇಲೂರಿನ ಶಾಸನಗಳಿರುವ ಸಂಪುಟವನ್ನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹುಡುಕಬಹುದು, ಆದರೆ ಅಲ್ಲಿ ಪಠ್ಯಪುಸ್ತಕಗಳೇ ಜಾಸ್ತಿ. ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್‌ಶಾಪ್‌ನಲ್ಲಿ ಹೇಳಿಟ್ಟು ಬನ್ನಿ. ಸುಮ್ನೆ ಓದೋಕಾದರೆ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಇದೆ.

ಕೊಳ್ಳುವ ಮುಂಚೆ ಚಿತ್ರಪಟಗಳನ್ನು ಒಂದೊಂದಾಗಿ ಎಣಿಸಿ. ನನ್ನ ಪ್ರತಿಯಲ್ಲಿ ಎರಡನ್ನು ಯಾರೋ ಬ್ಲೇಡಿನಿಂದ ನೀಟಾಗಿ ಕೊಯ್ದಿದ್ದರು. ಮನೆಗೆ ಬಂದಮೇಲೆ ಗೊತ್ತಾಯಿತು. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಬೇಡ, ಅಂಟು ಕಂದಾಗಿ ಅಕ್ಷರಕ್ಕೇ ಹಿಡಿಯುತ್ತೆ. ಬೆಂಗಳೂರು ಸಂಪುಟ ಮಾರುವ ಯೋಚನೆ ಇದ್ದರೆ ಮೊದಲು ನನಗೆ ಹೇಳಿ, ಆಯ್ತಾ?