ಅಮೆರಿಕದ 9ನೇ ತರಗತಿಯ ಇಂಗ್ಲಿಷ್‌ನಲ್ಲಿ ಏನು ಕಲಿಸುತ್ತಾರೆ?

ಅಲ್ಲಿ ಹೈಸ್ಕೂಲು ಸಾಮಾನ್ಯವಾಗಿ ನಾಲ್ಕು ವರ್ಷ, ಶುರುವಾಗುವುದು 9ನೇ ತರಗತಿಯಿಂದ. ಪಠ್ಯ ರಾಜ್ಯಕ್ಕೊಂದು, ಶಾಲೆಗೊಂದು ಥರ. ಆದರೂ ಷೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ಬಹಳ ಕಡೆ ಈ ವರ್ಷವೇ ಬರುತ್ತೆ. ಜತೆಗೆ ಸಣ್ಣಕಥೆ, ಕವಿತೆ, ಕಾದಂಬರಿ, ಭಾಷಣ.

ಕಥೆ ಒಪ್ಪಿಸಿದರೆ ಮಾರ್ಕ್ಸ್ ಸಿಗಲ್ಲ. ನಿಜವಾದ ಕಸರತ್ತು ಪ್ರಬಂಧದ್ದು. ‘ಈ ದುರಂತಕ್ಕೆ ವಿಧಿಗಿಂತ ಅವಸರವೇ ಕಾರಣ’ ಅಂತ ಒಂದು ವಾದ ಹೂಡಬೇಕು. ಇಬ್ಬರೂ ಭೇಟಿಯಾದ ಮರುದಿನವೇ ಮದುವೆಯಾದದ್ದನ್ನು ನಾಟಕದ ಸಾಲುಗಳ ಸಮೇತ ತೋರಿಸಬೇಕು. ಆ ಸಾಲು ವಾದಕ್ಕೆ ಹೇಗೆ ಪುಷ್ಟಿ ಕೊಡುತ್ತೆ ಅಂತ ಬಿಡಿಸಿ ಹೇಳಬೇಕು. ಸಾಲು ಯಾವ ಅಂಕ, ಯಾವ ದೃಶ್ಯದ್ದು ಅಂತಲೂ ನಮೂದಿಸಬೇಕು. ನೋಟ್ಸ್ ಉರು ಹೊಡೆದು ಅಭ್ಯಾಸವಾದ ನಮ್ಮ ಮಕ್ಕಳು ಎಡವುವುದು ಇಲ್ಲೇ, ವ್ಯಾಕರಣದಲ್ಲಲ್ಲ.