ಉನ್ಜೆನ್ ರಾಷ್ಟ್ರೀಯ ಉದ್ಯಾನವಾದದ್ದು ಹೇಗೆ?

ಹೋಟೆಲುಗಳೇ ತುಂಬಿರುವ ಜಪಾನಿನ ಉನ್ಜೆನ್ ಊರು ರಾಷ್ಟ್ರೀಯ ಉದ್ಯಾನದೊಳಗೆ ಹೇಗಿದೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಆ ಹೋಟೆಲುಗಳೂ ಅದಕ್ಕೆ ಒಂದು ಕಾರಣ. ನಾಗಸಾಕಿ ಸಮೀಪದ ಈ ಜ್ವಾಲಾಮುಖಿ ಬೆಟ್ಟದ ತಂಪಿಗೆ, ಬಿಸಿನೀರಿನ ಬುಗ್ಗೆಗಳಿಗೆ ಮನಸೋತು ಶಾಂಘೈ, ಹಾಂಗ್‌ಕಾಂಗ್‌ಗಳಲ್ಲಿ ನೆಲೆಸಿದ್ದ ಯುರೋಪಿಯನ್ನರು ಬೇಸಿಗೆ ಕಳೆಯಲು ಹಡಗೇರಿ ಬರುತ್ತಿದ್ದರು. 1911ರಲ್ಲೇ ನಾಗಸಾಕಿ ಆಡಳಿತ ಇದನ್ನು ಪ್ರಾಂತೀಯ ಉದ್ಯಾನವಾಗಿಸಿತು. 1913ರಲ್ಲಿ ಗಾಲ್ಫ್ ಮೈದಾನವೂ ಬಂತು. 1931ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆಯಾದಾಗ, ನಿಸರ್ಗದ ಚೆಲುವನ್ನು ಕಾಯುವುದರ ಜೊತೆಗೆ ವಿದೇಶಿ ಪ್ರವಾಸಿಗರನ್ನು ಸೆಳೆಯುವ ಆಸೆಯೂ ಸರ್ಕಾರಕ್ಕಿತ್ತು. 1934ರ ಮಾರ್ಚ್‌ನಲ್ಲಿ ಘೋಷಣೆಯಾದ ಮೊದಲ ಮೂರು ಉದ್ಯಾನಗಳಲ್ಲಿ ಉನ್ಜೆನ್ ಒಂದು. ಹತ್ತಿರದ ಅಮಾಕುಸಾ ದ್ವೀಪಗಳು ಈ ಉದ್ಯಾನಕ್ಕೆ ಸೇರಿದ್ದು 1956ರಲ್ಲಿ. ಊರನ್ನು ಖಾಲಿ ಮಾಡಿಸದೆ ಬೆಟ್ಟವನ್ನು ಕಾಯುವ ಅಲ್ಲಿನ ಪದ್ಧತಿ ನನಗೆ ಬಹಳ ಮೆಚ್ಚುಗೆ: ಖಾಸಗಿ ಜಮೀನನ್ನೂ ಉದ್ಯಾನಕ್ಕೆ ಸೇರಿಸಿ, ಕಟ್ಟಡ ಕಟ್ಟುವುದನ್ನೂ ಮರ ಕಡಿಯುವುದನ್ನೂ ವಲಯಕ್ಕೆ ತಕ್ಕಂತೆ ನಿಯಂತ್ರಿಸುತ್ತಾರೆ.